ಥೈರಾಯ್ಡ್ ಮಾತ್ರೆ: ಚಾ ಕುಡಿಯುವ ಮೊದಲಿನ ಒಂದು ಗಂಟೆ

ಮಂಗಳೂರಿನ ಕಂಕನಾಡಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳುವ ಮಾತು ಇದು: "ಎರಡು ವರ್ಷದಿಂದ ಮಾತ್ರೆ ತಗೊಳ್ತಾ ಇದ್ದೇನೆ, ಟಿಎಸ್ಎಚ್ ಇಳಿಯುವುದೇ ಇಲ್ಲ." ಥೈರಾಯ್ಡ್ ಹಾರ್ಮೋನು ಸಾಲದಾಗ ರಕ್ತ ಪರೀಕ್ಷೆಯಲ್ಲಿ ಏರುವ ಅಂಕೆ ಈ ಟಿಎಸ್ಎಚ್. ನಾನು ಮೊದಲು ಡೋಸ್ ಕೇಳುವುದಿಲ್ಲ. "ಬೆಳಿಗ್ಗೆ ಚಾ ಎಷ್ಟು ಹೊತ್ತಿಗೆ ಅಕ್ಕ?" ಎಂದು ಕೇಳುತ್ತೇನೆ. ಹೆಚ್ಚಿನವರ ತೊಂದರೆ ಆ ಉತ್ತರದಲ್ಲೇ ಸಿಗುತ್ತದೆ.

ಮೊದಲು ಒಂದು ಹೆದರಿಕೆ ಬಿಡಿಸಬೇಕು. ಇದು "ಅಭ್ಯಾಸ ಆಗಿಬಿಡುವ ಮದ್ದು" ಅಲ್ಲ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಅದು ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಕೂದಲು ಉದುರುವುದು ಎಲ್ಲ ಶುರು. ಮಾತ್ರೆಯಲ್ಲಿರುವ ಲಿವೋಥೈರಾಕ್ಸಿನ್ ಅದೇ ಹಾರ್ಮೋನು. ಮೈಗೆ ಸಾಲದೆ ಬಂದದ್ದನ್ನು ಹೊರಗಿನಿಂದ ತುಂಬಿಸುತ್ತೇವೆ, ಅಷ್ಟೇ.

ಹಂತ 1: ಬಾಟಲಿ ಮೇಲಿನ ಅಂಕೆ ಓದಿ

25, 50, 75, 100 ಎಂದು ಇರುವುದು ಮೈಕ್ರೋಗ್ರಾಂ ಲೆಕ್ಕ. ಚೀಟಿಯಲ್ಲಿರುವ ಅಂಕೆಯೂ ಬಾಟಲಿಯ ಅಂಕೆಯೂ ಒಂದೇ ಇದೆಯಾ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರಿಗೆ ಬೇರೆ ಬೇರೆ ಡೋಸ್ ಇದ್ದರೆ ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿಡಿ.

ಹಂತ 2: ಬೆಳಗಿನ ಆ ಒಂದು ಗಂಟೆ

ಎಡವುವುದು ಇಲ್ಲೇ. "ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ" ಎಂದು ಡಾಕ್ಟರು ಹೇಳಿರುತ್ತಾರೆ. ನಮ್ಮವರು ಹಾಗೆಯೇ ಮಾಡುತ್ತೇವೆ ಎನ್ನುತ್ತಾರೆ. ಆದರೆ ನಮ್ಮ ಊರಿನಲ್ಲಿ ಚಾ ಎಂದರೆ ಲೆಕ್ಕಕ್ಕೇ ಇಲ್ಲ. "ತಿಂಡಿ ಎಲ್ಲಿ ತಿಂದಿದ್ದೇನೆ, ಬರೀ ಚಾದೊಟ್ಟಿಗೆ ನುಂಗಿದ್ದು" ಎನ್ನುತ್ತಾರೆ. ಹೊಟ್ಟೆಗೆ ಅದು ಖಾಲಿ ಅಲ್ಲ. ಕಾಫಿಯಾದರೂ ಅಷ್ಟೇ, ಈ ಮದ್ದನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲೂ ಮೈಗೆ ಸೇರುವುದು ಶೇ 60ರಿಂದ 80ರಷ್ಟು ಮಾತ್ರ. ಅದರಲ್ಲೂ ಪಾಲು ಹೋದರೆ ಉಳಿಯುವುದೇನು?

ನನ್ನ ಗಿರಾಕಿಯೊಬ್ಬರು ಟೀಚರು. ಅವರ ಡೋಸ್ 75ರಿಂದ 100, ಆಮೇಲೆ 125 ಆಯಿತು. ಆಮೇಲೆ ಗೊತ್ತಾಯಿತು, ಶಾಲೆಯ ಬಸ್ಸಿನ ಅವಸರದಲ್ಲಿ ಅವರು ಮಾತ್ರೆ, ಚಾ, ಬನ್ಸ್ ಎಲ್ಲ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಮಾತ್ರೆ ನುಂಗಿ ಒಂದು ಗಂಟೆ ಬಿಟ್ಟು ಚಾ ಕುಡಿಯಿರಿ ಎಂದೆ. ಹಾಗೇ ಮಾಡಿದರು. ಒಂದೂವರೆ ತಿಂಗಳಲ್ಲಿ ಅಂಗಡಿಗೆ ಬಂದವರು ಕೌಂಟರಿನ ಮೇಲೆ ಕೈ ಇಟ್ಟು ತೋರಿಸಿದರು, ಬೆರಳು ಸಣ್ಣಗೆ ನಡುಗುತ್ತಿತ್ತು. ಎದೆಬಡಿತವೂ ಜೋರಾಗಿತ್ತು. ಮಾತ್ರೆ ಈಗ ಸರಿಯಾಗಿ ಮೈಗೆ ಹತ್ತಿ 125 ಜಾಸ್ತಿಯಾಗಿತ್ತು. ಡಾಕ್ಟರು ಡೋಸ್ ಇಳಿಸಿದರು. "ಚಾ ತಡವಾಗಿ ಕುಡಿಯಿರಿ" ಎಂದವನು "ಡಾಕ್ಟರಿಗೂ ಹೇಳಿ" ಎನ್ನಲು ಮರೆತಿದ್ದೆ. ಈಗ ಮರೆಯುವುದಿಲ್ಲ. ನೀವು ಅಭ್ಯಾಸ ತಿದ್ದಿಕೊಂಡರೆ ಡಾಕ್ಟರಿಗೆ ತಿಳಿಸಿ, 6ರಿಂದ 8 ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ನಾನು ಎಲ್ಲರಿಗೂ ಹೇಳುವ ಕ್ರಮ ಇದು. ರಾತ್ರಿ ಮಲಗುವಾಗ ಹಾಸಿಗೆ ಪಕ್ಕ ಬಾಟಲಿ ಮತ್ತು ಒಂದು ಲೋಟ ನೀರು ಮುಚ್ಚಿಡಿ. ಕಣ್ಣು ಬಿಟ್ಟ ಕೂಡಲೇ ಬರೀ ನೀರಿನಲ್ಲಿ ನುಂಗಿ. ಆಮೇಲೆ ಹಲ್ಲುಜ್ಜಿ, ಅಂಗಳ ಗುಡಿಸಿ, ಸ್ನಾನ ಮಾಡಿ. ಅರ್ಧ ಗಂಟೆ ಸಾಕು ಎನ್ನುವವರಿದ್ದಾರೆ. ನಾನು ಒಂದು ಗಂಟೆಯನ್ನೇ ಹೇಳುತ್ತೇನೆ. ಅರ್ಧ ಗಂಟೆ ಎಂದರೆ ಅದು ಹದಿನೈದು ನಿಮಿಷಕ್ಕೆ ಇಳಿಯುವುದನ್ನು ತುಂಬಾ ನೋಡಿದ್ದೇನೆ.

ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್, ಇವಕ್ಕೆ 4 ಗಂಟೆ ಅಂತರ ಬೇಕು. ಇವನ್ನು ಮಧ್ಯಾಹ್ನದ ಊಟದ ಮೇಲೆ ಹಾಕಿಬಿಡಿ, ತಲೆಬಿಸಿ ಇಲ್ಲ.

ಬೆಳಿಗ್ಗೆ ಆಗುವುದೇ ಇಲ್ಲ ಎನ್ನುವವರಿಗೆ ರಾತ್ರಿಯ ದಾರಿ ಇದೆ. ಊಟವಾಗಿ 3 ಗಂಟೆ ಕಳೆದ ಮೇಲೆ, ಮಲಗುವ ಮೊದಲು. ಡಾಕ್ಟರಿಗೆ ಹೇಳಿ ಬದಲಿಸಿ. ರಂಜಾನ್ ಉಪವಾಸ ಹಿಡಿಯುವವರಿಗೆ ಇದು ತುಂಬಾ ಅನುಕೂಲ. ನಮ್ಮ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯವೂ ಖಾಲಿ ಹೊಟ್ಟೆಗೇ ಆಗಬೇಕು, ಅಲ್ವಾ? ಆ ದಿನ ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಕುಡಿಯಬೇಡಿ. ಮಾತ್ರೆಯನ್ನು ರಾತ್ರಿಗೆ ಹಾಕಿ. ಈ ಹಾರ್ಮೋನು ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು, ಹಾಗಾಗಿ ಒಂದು ದಿನ ಹೊತ್ತು ತಪ್ಪಿದರೆ ಏನೂ ಆಗುವುದಿಲ್ಲ. ಮರೆತರೂ ಹಾಗೆಯೇ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇರುವಾಗ ತಗೊಳ್ಳಿ. ಮರುದಿನ ನೆನಪಾಯಿತೆಂದು ಎರಡೆರಡು ನುಂಗಬೇಡಿ.

ಹಂತ 3: ಮಳೆಗಾಲದಲ್ಲಿ ಬಾಟಲಿ

ಜೂನ್ ಬಂತೆಂದರೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗುವುದಿಲ್ಲ. ಒಲೆ ಪಕ್ಕದ ಕಪಾಟು, ಬಚ್ಚಲುಮನೆ, ಫ್ರಿಜ್ಜಿನ ತಲೆ ಮೇಲೆ, ಈ ಮೂರೂ ಜಾಗ ಬೇಡ. ಬಟ್ಟೆಯ ಕಪಾಟು ಒಳ್ಳೆಯದು. ಬಾಟಲಿಯೊಳಗಿನ ಸಣ್ಣ ಪೊಟ್ಟಣವನ್ನು ಬಿಸಾಡಬೇಡಿ, ತೇವ ಹೀರುವುದು ಅದೇ. ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಈಗ ಎಲ್ಲರ ಮನೆಯಲ್ಲೂ ಇದೆ. ಬೇರೆ ಮದ್ದಿಗೆ ಸರಿ, ಇದಕ್ಕೆ ನಾನು ಬೇಡವೆನ್ನುತ್ತೇನೆ. ಮೂಲ ಬಾಟಲಿಯಲ್ಲೇ ಇರಲಿ, ಮುಚ್ಚಳ ಬಿಗಿಯಾಗಿರಲಿ.

ಹಂತ 4: ರಕ್ತ ಪರೀಕ್ಷೆ

ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ಟಿಎಸ್ಎಚ್ ನೋಡಬೇಕು. ಎರಡೇ ವಾರಕ್ಕೆ ಮಾಡಿಸಿದರೆ ದುಡ್ಡು ಸುಮ್ನೆ ಹೋಯಿತು, ಅಂಕೆ ಆಗಿನ್ನೂ ನೆಲೆ ನಿಂತಿರುವುದಿಲ್ಲ. ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತಗೊಳ್ಳಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುವವರು ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಲೇಬೇಕು. ಅದು ಪರೀಕ್ಷೆಯ ಅಂಕೆಯನ್ನೇ ತಪ್ಪಿಸುತ್ತದೆ. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಬಯೋಟಿನ್ ನಿಲ್ಲಿಸಿ.

ಹಂತ 5: ಒಂದೇ ಕಂಪನಿ ಹಿಡಿಯಿರಿ

ಯಾವುದಾದರೂ ಸರಿ, ಜನೌಷಧಿ ಕೇಂದ್ರದ್ದಾದರೂ ಸರಿ. ತಿಂಗಳಿಗೊಂದು ಬದಲಿಸಬೇಡಿ. ಬದಲಿಸಲೇಬೇಕಾಗಿ ಬಂದರೆ ಮತ್ತೆ ಟಿಎಸ್ಎಚ್ ನೋಡಿ.

"ಥೈರಾಯ್ಡ್ ಬುಡದಿಂದಲೇ ಗುಣ" ಎಂದು ಮೊಬೈಲಿನಲ್ಲಿ ಬರುವ ಪುಡಿ, ಕ್ಯಾಪ್ಸೂಲ್‌ಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಅದನ್ನು ನಂಬಿ ಮಾತ್ರೆ ಬಿಟ್ಟವರು ಮುಖ ಊದಿಸಿಕೊಂಡು ವಾಪಸ್ ಬಂದದ್ದನ್ನು ನೋಡಿದ್ದೇನೆ. ತೂಕ ಇಳಿಸಲೆಂದು ಮಾತ್ರೆ ಜಾಸ್ತಿ ಮಾಡಿಕೊಳ್ಳುವುದೂ ಬೇಡ, ಹೃದಯಕ್ಕೂ ಮೂಳೆಗೂ ಪೆಟ್ಟು. ಇನ್ನು ಕ್ಯಾಬೇಜು ತಿನ್ನಬಾರದಾ ಎಂದು ದಿನಾ ಕೇಳುತ್ತಾರೆ. ಬೇಯಿಸಿ ಪಲ್ಯ ಮಾಡಿ ತಿನ್ನಿ, ಏನೂ ಆಗುವುದಿಲ್ಲ.

ಮಗು ಬೇಕೆಂದಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಗರ್ಭಿಣಿಯಾದ ಕೂಡಲೇ ಮೈಗೆ ಈ ಹಾರ್ಮೋನು ಜಾಸ್ತಿ ಬೇಕಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಕ್ಸಿನ್ನಿನಿಂದಲೇ. ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮದ್ದು ಮಗುವಿಗೆ ಆಗುವುದಿಲ್ಲವೇನೋ ಎಂದು ಹೆದರಿ ಅದನ್ನು ನಿಲ್ಲಿಸಲೂ ಬೇಡಿ.