ಆಯುಧಪೂಜೆಯ ಮಾರನೇ ಬೆಳಿಗ್ಗೆ

ನಿವೃತ್ತಿಯಾಗಿ ಒಂಬತ್ತು ವರ್ಷ. ಆಯುಧಪೂಜೆಯ ಮಾರನೇ ದಿನ ಕೋಲಾರದ ನಮ್ಮ ಬೀದಿಯಲ್ಲಿ ಹಾಲಿನವನಿಗಿಂತ ಮೊದಲು ಹೊರಗೆ ಬರುವವಳು ನಾನೇ, ಕೈಯಲ್ಲೊಂದು ಗೋಣಿಚೀಲ ಹಿಡಿದು. ಆಟೋ, ಸ್ಕೂಟರಿಗೆ ಕಟ್ಟಿದ ಚೆಂಡುಹೂವಿನ ಹಾರ ಚರಂಡಿ ಸೇರುವ ಮೊದಲು ನಮ್ಮ ಕೈತೋಟದ ಬೀಜಕ್ಕೂ ಗೊಬ್ಬರಕ್ಕೂ ಆಗಲೆಂದು ಕೇಳಿ ತಂದುಬಿಡುತ್ತೇನೆ. ಮೊದಮೊದಲು ಎದುರುಮನೆಯವರು ನಗುತ್ತಿದ್ದರು. ಈಗ ಅವರೇ ನಮ್ಮ ಗೇಟಿಗೆ ನೇತುಹಾಕಿ ಹೋಗುತ್ತಾರೆ.

ಮೊದಲು ದಾರ ಬಿಚ್ಚಿ. ಈಗಿನದು ಪ್ಲಾಸ್ಟಿಕ್ ದಾರ, ಗೊಬ್ಬರದ ಗುಂಡಿಯಲ್ಲಿ ಜನ್ಮಕ್ಕೂ ಕರಗುವುದಿಲ್ಲ. ಚೆನ್ನಾಗಿ ಬಲಿತ ಹೂವನ್ನು ಆರಿಸಿ, ಪೇಪರ್ ಮೇಲೆ ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ. ತೊಟ್ಟು ಸೀಳಿದರೆ ಸೂಜಿಯಂಥ ಬೀಜ ಸಿಗುತ್ತದೆ. ಕಪ್ಪಗಿದ್ದರೆ ಎತ್ತಿಡಿ, ಬೆಳ್ಳಗಿದ್ದರೆ ಜೊಳ್ಳು. ಹತ್ತಕ್ಕೆ ನಾಲ್ಕು ಹುಟ್ಟಿದರೂ ಲಾಭವೇ, ದುಡ್ಡು ಕೊಟ್ಟು ತಂದದ್ದಲ್ಲವಲ್ಲ. ಒಡೆದ ಬೂದುಗುಂಬಳಕಾಯಿಯನ್ನೂ ಬಾಚಿ ಗುಂಡಿಗೆ ಹಾಕಿ, ಕುಂಕುಮ ಮೆತ್ತಿದ ಚೂರು ಮಾತ್ರ ಬೇಡ. ಹೋದ ವರ್ಷ ಅದರ ಮೇಲೆ ಜಾರಿ ಪೇಪರ್ ಹುಡುಗ ಸೈಕಲ್ ಸಮೇತ ಬಿದ್ದಿದ್ದ.

ಆಮೇಲೆ ಬರುವುದು ಚಿತ್ತೆ, ಸ್ವಾತಿ ಮಳೆ. ಡ್ರಮ್ಮು, ಬಕೆಟ್ಟು, ಹಳೇ ಕೊಳಗ, ಇದ್ದಬದ್ದದ್ದನ್ನೆಲ್ಲ ಸೂರಿನಡಿ ಇಡಿ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸೆಂದರೆ ಪಾಟಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಮಳೆನೀರು ತುಂಬಿಟ್ಟ ಡ್ರಮ್ಮಿಗೆ ಬಟ್ಟೆ ಬಿಗಿಯಿರಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

ಅವರೆಯ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಶ್ರಾವಣದಲ್ಲಿ ಊರಿದ ಬಳ್ಳಿ ಈಗ ಇಬ್ಬನಿ ಬೀಳುವ ಹೊತ್ತಿಗೆ ಹೂ ಬಿಡುತ್ತದೆ, ಹೂವಿನ ಹಿಂದೆಯೇ ಕಪ್ಪು ಹೇನು. ಕುಡಿ ಮುಟ್ಟಿದರೆ ಬೆರಳಿಗೆ ಅಂಟಂಟು, ಕಾಂಡದ ಮೇಲೆ ಇರುವೆ ಸಾಲು, ಅದೇ ಗುರುತು. ಬೆಳಿಗ್ಗೆ ಎಲೆ ಒದ್ದೆಯಿರುವಾಗಲೇ ಜರಡಿ ಹಿಡಿದ ಸೌದೆ ಬೂದಿಯನ್ನು ತೆಳ್ಳಗೆ ಉದುರಿಸಿ, ಬಿಸಿಲೇರಿದ ಮೇಲೆ ನಿಲ್ಲುವುದಿಲ್ಲ. ತೀರಾ ಮುತ್ತಿದ ಕುಡಿಯನ್ನು ಚಿವುಟಿ ಎಸೆಯಿರಿ. ಒಂದು ವರ್ಷ ಅತಿಬುದ್ಧಿವಂತಿಕೆ ಮಾಡಿ ಬಟ್ಟೆ ಒಗೆಯುವ ಪುಡಿಯನ್ನೇ ಗಟ್ಟಿಯಾಗಿ ಕಲಸಿ ಹೊಡೆದೆ. ಮೂರನೇ ದಿನಕ್ಕೆ ಹೇನೂ ಇಲ್ಲ, ಹೂವೂ ಇಲ್ಲ. ಆ ಸಲ ಹಿತಕಿದಬೇಳೆ ಸಾರಿಗೆ ಸಂತೆಯ ಕಾಯೇ ಗತಿಯಾಯಿತು. ನಮ್ಮ ಯಜಮಾನರು ಇಂದಿಗೂ ಪ್ರತಿ ತುತ್ತಿಗೂ ನೆನಪಿಸುತ್ತಾರೆ.

ಕೊತ್ತಂಬರಿ ಬೀಜವನ್ನು ಇಡಿಯಾಗಿ ಚೆಲ್ಲಬೇಡಿ. ಲಟ್ಟಣಿಗೆಯಿಂದ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿ. ಮೆಂತ್ಯಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ.

ತುಳಸಿಯ ಕದಿರನ್ನು ಆಗಾಗ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ. ಗಣೇಶನ ಹಬ್ಬಕ್ಕೆ ಬೀಜ ಚೆಲ್ಲಿದರೆ ಉತ್ಥಾನ ದ್ವಾದಶಿಗೆ ಸಸಿ ಕೊಡುವ ಹಾಗಾಗುತ್ತದೆ. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿಯರೆಲ್ಲ ನೆಲ್ಲಿ ಕೊಂಬೆ ಎಲ್ಲಿ ಸಿಗುತ್ತದೆಂದು ಕೇಳಲು ಬಂದು ಸಸಿ ಹಿಡಿದು ಹೋಗುತ್ತಾರೆ. ಹೋದ ವರ್ಷ ಹನ್ನೊಂದು ಕೊಟ್ಟೆ, ಒಂದು ಪಾಟೂ ವಾಪಸು ಬರಲಿಲ್ಲ. ಈ ಸಲ ಹಾಲಿನ ಕವರಿಗೆ ತೂತು ಹಾಕಿ ಅದರಲ್ಲೇ ನೆಟ್ಟಿದ್ದೇನೆ.