ವೀಳ್ಯ ಅವರ ಕೈಗೆ ಕೊಟ್ಟ ಮೇಲೆ ಕಟ್ಟೆ ತುಂಬಿತು: ನನ್ನ ಅನುಭವ

ನಮ್ಮ ಹಾಡಿನ ಕಟ್ಟೆಗೆ, ಅಂದರೆ ತಿಂಗಳಿಗೊಮ್ಮೆ ಸೇರುವ ಜನಪದ ಹಾಡಿನ ಕೂಟಕ್ಕೆ, ಈಗ ಹಲಗೆ ಎಂಬ ಚರ್ಮವಾದ್ಯ ಬಡಿಯುವ ಹಲಗೆಯವರು, ಎಲ್ಲಮ್ಮನಿಗೆ ಮುಡಿಪಾಗಿ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರು, ಮೊಹರಂ ಪದ ಹಾಡುವ ರಿವಾಯತ್ ಮೇಳದವರು, ಸಿದ್ದಿ ಬುಡಕಟ್ಟಿನವರು, ಬೀಸುವ ಪದದ ಅಜ್ಜಿಯರು ಎಲ್ಲರೂ ಬರುತ್ತಾರೆ. ತಮ್ಮದು ಮುಗಿದ ಮೇಲೂ ಕೂತು ಬೇರೆಯವರದು ಕೇಳುತ್ತಾರೆ. "ನಿಮ್ಮೂರಲ್ಲಿ ಇದು ಆಗೋ ಮಾತಲ್ಲ ಬಿಡ್ರಿ" ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಅದಕ್ಕೇ ಬರೆಯುತ್ತಿದ್ದೇನೆ. ಜಮಖಾನೆ, ಮೈಕು, ಪೊಲೀಸ್ ಅನುಮತಿ ಇವೆಲ್ಲ ನಿಮಗೆ ಗೊತ್ತಿರೋದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಜಾಗ ಒಂದು ಹಳೇ ಹತ್ತಿ ಗೋದಾಮು. ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಬಾಡಿಗೆ ಇಲ್ಲ, ಕರೆಂಟ್ ಬಿಲ್ ನಮ್ಮದು. ತಿಂಗಳಿಗೊಂದು ಶನಿವಾರ ಹಾಡು. ಮೊದಲೆಲ್ಲ ಅರವತ್ತು ಜನ ಸೇರಿದರೆ ಹೆಚ್ಚು, ಅದರಲ್ಲೂ ಮುಕ್ಕಾಲು ಪಾಲು ಎರಡೇ ಓಣಿಯ, ನನ್ನ ವಯಸ್ಸಿನ ಗಂಡಸರು. ಶಿಶುನಾಳ ಶರೀಫಜ್ಜನ ತತ್ವಪದ ಇಲ್ಲದ ತಿಂಗಳಿಲ್ಲ, ಕೇಳೋಕೆ ಒಬ್ಬ ಮುಸ್ಲಿಮರೂ ಇಲ್ಲ. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದಾಗ ಅಭಿನಂದನೆಯ ಠರಾವು ಬರೆದೆವು. 2021ರಲ್ಲಿ ಪದ್ಮಶ್ರೀ ಬಂದಾಗ ಇನ್ನೊಂದು ಬರೆದೆವು. ನಮ್ಮದೇ ಬಸ್ ಸ್ಟ್ಯಾಂಡ್ ಹಿಂದೆ ಇರುವ ಜೋಗತಿಯರು ಮಾತ್ರ ಗೋದಾಮಿನ ಬಾಗಿಲು ದಾಟಿರಲಿಲ್ಲ. ಹಲಗೆಯವರು ಬರುತ್ತಿದ್ದರು, ಅತಿಥಿಗಳನ್ನು ಗೇಟಿನಿಂದ ಬಾಗಿಲ ತನಕ ಕರೆತರೋಕೆ. ಅತಿಥಿ ಒಳಗೆ, ಹಲಗೆ ಹೊರಗೆ.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿ ನೋಡಿದೆವು. "ಸರ್ವರಿಗೂ ಆದರದ ಸ್ವಾಗತ" ಎಂದು ಫ್ಲೆಕ್ಸ್ ಹಾಕಿಸಿದೆವು, ₹1,200 ವ್ಯರ್ಥ. ಮಾರ್ಚ್‌ನಲ್ಲಿ ಮಹಿಳೆಯರ ಸಂಜೆ, ಏಪ್ರಿಲ್‌ನಲ್ಲಿ ದಲಿತ ಕಲೆಗಳ ಸಂಜೆ ಮಾಡಿದೆವು. ಆಯಾ ಸಂಜೆಗೆ ಆಯಾ ಜನ ಬಂದರು, ಮುಂದಿನ ತಿಂಗಳು ಒಬ್ಬರೂ ಇಲ್ಲ. ನಮ್ಮ ಹಳೇ ಕೇಳುಗರಂತೂ ಆ ಎರಡು ತಿಂಗಳು ರಜೆ ತಗೊಂಡರು. ಸಮಿತಿಗೆ ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಿದೆವು. ಸಭೆ ರಾತ್ರಿ ಎಂಟಕ್ಕೆ! ರಿಜಿಸ್ಟರ್ ಅವರ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು.

ಮೊದಲು ದಾರಿ ತೋರಿಸಿದ್ದು ಒಂದು ಗಾಲಿ ಕುರ್ಚಿ. ಕಾಲಿಲ್ಲದ ಒಬ್ಬ ದಮಡಿ ಬಾರಿಸುವವರು ಬರುತ್ತೇನೆ ಎಂದರು. ವೇದಿಕೆಯ ಎತ್ತರ ಎರಡೂವರೆ ಅಡಿ. ಒಂದು ಅಡಿ ಏರೋಕೆ ಹನ್ನೆರಡು ಅಡಿ ಇಳಿಜಾರು ಬೇಕು ಅನ್ನುವುದು ಲೆಕ್ಕ, ಅಂದರೆ ಮೂವತ್ತು ಅಡಿ ರ‍್ಯಾಂಪ್. ಗೋದಾಮಿನ ಅಗಲವೇ ಮೂವತ್ತರ ಆಸುಪಾಸು. ಗೌಂಡಿ ಅರವತ್ತೋ ಎಪ್ಪತ್ತೋ ಸಾವಿರ ಹೇಳಿದ. ವೇದಿಕೆ ಒಡೆಯೋಕೆ ಎಷ್ಟು ಅಂದೆ. ಒಂಬತ್ತು ಸಾವಿರ ಅಂದ. ಒಡೆಸಿಬಿಟ್ಟೆ.

ಗಲಾಟೆ ಆಯ್ತು. ವೇದಿಕೆಯ ಮುಂದೆ ದಾನಿಗಳ ಹೆಸರಿನ ಕಲ್ಲಿತ್ತು. ಅದನ್ನು ಬಾಗಿಲ ಪಕ್ಕದ ಗೋಡೆಗೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಕೂರಿಸಿದ ಮೇಲೆ ದಾನಿಗಳ ಮಗ ಸುಮ್ಮನಾದರು. ಈಗ ಹಾಡುವವರೂ ಕೇಳುವವರೂ ಒಂದೇ ನೆಲದಲ್ಲಿ ಸುತ್ತ ಕೂರುತ್ತೇವೆ. ವೇದಿಕೆ ಹೋದ ಮೇಲೆ ಮುಂದಿನ ಸಾಲೂ ಹೋಯ್ತು, ಅತಿಥಿಗಳ ಕುರ್ಚಿಯೂ ಹೋಯ್ತು. ಮೊಣಕಾಲು ನೋವಿನವರಿಗೆ ಗೋಡೆಗುಂಟ ಬೆಂಚಿದೆ, ಅಷ್ಟೇ.

ಆಮೇಲೆ ಹೊತ್ತು. ಸಂಜೆ ಏಳರ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ ಬಂತು. ಹಳ್ಳಿ ಕಡೆಯ ಕೊನೇ ಬಸ್ಸು ಏಳೂವರೆಗೆ ಹೋಗುತ್ತೆ, ಅದರೊಳಗೆ ಮುಗಿಯಬೇಕು. "ಜಾನಪದ ಅಂದ್ರ ರಾತ್ರಿದ್ದು" ಎಂದು ನಮ್ಮ ಹಿರಿಯರು ಬಹಳ ವಾದಿಸಿದರು. ಹೇಗೂ ರಾತ್ರಿ ಹತ್ತಕ್ಕೆ ಮೈಕು ಬಂದ್ ಮಾಡಬೇಕು, ಅಹೋರಾತ್ರಿ ಎಲ್ಲಿಂದ ಬಂತು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದು ನಮಗೆ ದೊಡ್ಡ ಲಾಭ. ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೂ ಜೋಗತಿಯರಿಗೂ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಬಸ್ಸಿನ ಖರ್ಚು ಅರ್ಧಕ್ಕೆ ಇಳಿಯಿತು. ಹೊತ್ತು ಬದಲಾದ ಎರಡನೇ ತಿಂಗಳೇ ಹೆಂಗಸರು ಮೂರು ಪಟ್ಟು ಜಾಸ್ತಿ ಬಂದರು. ಅವರನ್ನು ಕರೆಯೋಕೆ ಯಾರೂ ಹೋಗಿರಲಿಲ್ಲ.

ಶೌಚಾಲಯದ ಬಗ್ಗೆ ಎರಡೇ ಮಾತು. ಹೆಂಗಸರದಕ್ಕೆ ಬೀಗ, ಕೀಲಿ ಕಾರ್ಯದರ್ಶಿ ಮನೆಯಲ್ಲಿ. ಜೋಗತಿಯರು ಯಾವುದಕ್ಕೆ ಹೋಗಬೇಕು ಎಂಬ ಚರ್ಚೆ ಬೇರೆ. ₹38,000 ಹಾಕಿ ಮೂರು ಕೋಣೆ ಕಟ್ಟಿಸಿದೆವು. ಯಾವುದರ ಮೇಲೂ ಗಂಡು ಹೆಣ್ಣಿನ ಚಿತ್ರ ಇಲ್ಲ. ಒಳಗಿನಿಂದ ಗಟ್ಟಿ ಚಿಲಕ, ಒಂದು ಬಲ್ಬು, ಒಂದರಲ್ಲಿ ಹಿಡಿದುಕೊಳ್ಳೋಕೆ ಕಂಬಿ. ಚರ್ಚೆ ಮುಗಿಯಿತು.

ಇಷ್ಟಾದರೂ ಯಾರನ್ನು ಕರೆಯಬೇಕು ಅನ್ನುವುದು ನಮ್ಮ ಆರು ಜನರ ಕೈಯಲ್ಲೇ ಇತ್ತು. ನಮಗೆ ಗೊತ್ತಿದ್ದವರನ್ನೇ ನಾವು ಕರೆಯುತ್ತಿದ್ದೆವು, ಇನ್ನೇನು ಮಾಡ್ತೀವಿ? ಬಸ್ ಸ್ಟ್ಯಾಂಡ್ ಹಿಂದಿನ ಜೋಗತಿಯೊಬ್ಬರನ್ನು ಕೇಳೋಕೆ ಹೋದಾಗ ಅವರು ಹೇಳಿದ್ದು ಇದು: "ಅಣ್ಣಾರ, ನಮ್ಮನ್ನ ಕುಣಿಯಾಕ ಎಲ್ಲಾರೂ ಕರೀತಾರ. ಕುಂದ್ರಾಕ ಯಾರ್ ಕರೀತಾರ ಹೇಳ್ರಿ?" ಆಗ ಹೊಳೆದಿದ್ದು ವೀಳ್ಯದ ಉಪಾಯ. ಇದು ನನ್ನದೇ, ಎಲ್ಲಿಂದಲೂ ತಂದಿದ್ದಲ್ಲ.

ಉಪಾಯ ಹೀಗಿದೆ. ಈ ತಿಂಗಳು ಹಾಡಿದ ಮೇಳ ಮನೆಗೆ ಹೋಗುವಾಗ ಒಂದು ವೀಳ್ಯ ಒಯ್ಯುತ್ತದೆ. ಐದು ಎಲೆ, ಅಡಿಕೆ, ಜೊತೆಗೆ ₹500 ಮುಂಗಡ. ಮುಂದಿನ ತಿಂಗಳಿಗೆ ಯಾರು ಅಂತ ಅವರೇ ಆರಿಸುತ್ತಾರೆ. ತಮ್ಮದೇ ಕಲೆಯವರಿಗೆ ಕೊಡುವ ಹಾಗಿಲ್ಲ, ತಮ್ಮದೇ ಜಾತಿಯವರಿಗೂ ಕೊಡುವ ಹಾಗಿಲ್ಲ. ಫೋನಲ್ಲಿ ಹೇಳಿದರೆ ನಡೆಯಲ್ಲ, ಅವರ ಮನೆಗೆ ಹೋಗಿ ಕೈಯಾರೆ ಕೊಡಬೇಕು. ಸಮಿತಿ ಬೇಡ ಅನ್ನುವ ಹಾಗಿಲ್ಲ.

ಸಮಿತಿಯಲ್ಲಿ ಐದು ಜನ ವಿರೋಧ, ಒಬ್ಬ ಪರ. ಆ ಒಬ್ಬ ನಾನು. "ಮತ್ತ ನಮಗೇನು ಕೆಲಸ ಉಳೀತು?" ಎಂದು ಕೇಳಿದರು. ಜಮಖಾನೆ ಹಾಸೋದು, ಲೆಕ್ಕ ಬರೆಯೋದು ಎಂದೆ. ಆರು ತಿಂಗಳು ನೋಡೋಣ, ಕೆಟ್ಟರೆ ನಾನೇ ಬಿಡುತ್ತೇನೆ ಎಂಬ ಮಾತಿನ ಮೇಲೆ ಒಪ್ಪಿದರು.

ಮೊದಲ ವೀಳ್ಯ ಒಯ್ದದ್ದು ನಮ್ಮ ತತ್ವಪದದ ಮೇಳ. ಅದರ ಯಜಮಾನರು ಹಲಗೆಯವರನ್ನು ಆರಿಸಿದರು, ಅದೂ ಸಲೀಸು ಅಂತ, ಕೇರಿ ಹತ್ತಿರವೇ ಇದೆಯಲ್ಲ. ಆದರೆ ತಾವು ಹೋಗದೆ ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಒಬ್ಬ ಹುಡುಗನ ಕೈಯಲ್ಲಿ ಎಲೆ ಅಡಿಕೆ ಕಳಿಸಿದರು. ಹಲಗೆ ಮೇಳದ ಹಿರಿಯರು ಎಲೆಯನ್ನು ಮುಟ್ಟದೆ ವಾಪಸ್ ಕಳಿಸಿದರು. "ನಡಕೊಂತ ಬರ್ಲಿ, ದಾರಿ ಗೊತ್ತೈತಿ ಅವ್ರಿಗೆ" ಎಂದರಂತೆ. ಒಂದು ವಾರ ಹಾಗೇ ಹೋಯ್ತು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದು ಮುಂಜಾನೆ ಯಜಮಾನರು ನಡೆದೇ ಹೋದರು. ಹಿರಿಯರ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಬಸಿಯಲ್ಲಿ ಹಾಕಿಕೊಂಡು, ನಿಧಾನಕ್ಕೆ, ಕೇರಿಯ ಮಂದಿ ಎಲ್ಲ ನೋಡುತ್ತಿದ್ದಾಗ. ಏನು ಮಾತಾಡಿದರು ಅಂತ ಇಬ್ಬರೂ ಇವತ್ತಿಗೂ ಹೇಳಿಲ್ಲ. ಆ ತಿಂಗಳು ಹಲಗೆ ಮೊದಲ ಬಾರಿ ಒಳಗೆ ಬಡಿಯಿತು.

ಹಲಗೆಗೆ ಇನ್ನೊಂದು ವಿಷಯ. ಬಾರಿಸುವ ಮೊದಲು ಚರ್ಮ ಕಾಯಿಸಬೇಕು, ಇಲ್ಲದಿದ್ದರೆ ನಾದ ಬರಲ್ಲ. ಮೊದಲೆಲ್ಲ ಆ ಬೆಂಕಿಗೆ ಶೌಚಾಲಯದ ಹಿಂದಿನ ಜಾಗ ತೋರಿಸುತ್ತಿದ್ದರು. ಈಗ ಅಂಗಳದ ನಡುವೆ, ಬಾಗಿಲ ಎದುರು. ಹುಡುಗರು ಸುತ್ತ ನಿಂತು ನೋಡುತ್ತಾರೆ. ಹಿರಿಯರು ಚರ್ಮವನ್ನು ಬೆಂಕಿಗೆ ಹಿಡಿದು, ಬೆರಳ ತುದಿಯಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಕಾರ್ಯಕ್ರಮ ಅಲ್ಲಿಂದಲೇ ಶುರು ಆದ ಹಾಗೆ. ಫೈಬರ್ ಹಲಗೆ ತಂದರೆ ಬೆಂಕಿ ಬೇಡ, ನಟ್ಟು ತಿರುಗಿಸಿದರೆ ಸಾಕು. ಒಂದು ಜೋಡಿ ತಂದೆವು ಕೂಡ. ಮಕ್ಕಳು ಕಲಿಯೋಕೆ ಚೆನ್ನ. ಹಿರಿಯರು ಅದನ್ನು ಒಂದು ಸಲ ಬಡಿದು ಕೆಳಗಿಟ್ಟರು.

ಹಲಗೆಯವರು ವೀಳ್ಯ ಕೊಟ್ಟಿದ್ದು ಜೋಗತಿಯರಿಗೆ. ಜೋಗತಿಯರು ಬೀಸುವ ಪದದ ಅಜ್ಜಿಯರಿಗೆ. ಹೀಗೆ ದಾಟುತ್ತಾ ಯಲ್ಲಾಪುರ ಕಡೆಯ ಸಿದ್ದಿಗಳ ತನಕ ಹೋಯ್ತು. ನಾವು ಆರು ಜನ ಹತ್ತು ವರ್ಷ ಕೂತರೂ ಅವರ ಡಮಾಮಿ ಡೋಲಿನ ಮೇಳ ಪತ್ತೆ ಮಾಡುತ್ತಿರಲಿಲ್ಲ. ಅಲ್ಲೊಂದು ತಮಾಷೆ ಆಯ್ತು. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಸಿದ್ದಿಗಳು ರಿವಾಯತ್ ಹಾಡುವ ಮುಸ್ಲಿಮರಿಗೆ ವೀಳ್ಯ ಕೊಟ್ಟರೆ ಅದು ತಮ್ಮವರಿಗೇ ಕೊಟ್ಟ ಹಾಗಾ ಅಲ್ವಾ ಎಂದು ನಮ್ಮ ಸಮಿತಿ ಒಂದು ಸಂಜೆ ಪೂರ್ತಿ ಜಗಳ ಆಡಿತು. ಕೊನೆಗೆ ನೋಡಿದರೆ ರಿವಾಯತ್ ಮೇಳದಲ್ಲಿ ಅರ್ಧ ಜನ ಲಿಂಗಾಯತರು! ಮೊಹರಂ ಪದಕ್ಕೆ ನಮ್ಮ ಕಡೆ ಯಾವತ್ತೂ ಹಾಗೇ ಅಲ್ವಾ.

ನಿರೂಪಕರಿಗೆ ಒಂದು ಕಟ್ಟುಪಾಡು: ಹೆಸರು, ಊರು, ಕಲೆ, ಮೂರೇ ಹೇಳಬೇಕು. ಜಾತಿ ಬೇಡ, "ಇಂಥವರನ್ನು ಗುರುತಿಸಿ ಕರೆತಂದಿದ್ದೇವೆ" ಬೇಡ. ಒಬ್ಬ ಮೇಷ್ಟ್ರು ನೂರಾರು ವರ್ಷದಿಂದ ಇಲ್ಲೇ ಇರುವ ಸಿದ್ದಿಗಳನ್ನು "ಆಫ್ರಿಕಾದಿಂದ ಬಂದ" ಎಂದುಬಿಟ್ಟರು. ಮೇಳದ ಹೆಣ್ಣುಮಗಳು ಮೈಕು ತಗೊಂಡು "ಇಲ್ಲ, ಯಲ್ಲಾಪುರದಿಂದ, ಎರಡು ಬಸ್ ಬದಲಿಸಿ" ಎಂದರು. ಮೇಷ್ಟ್ರು ಆಮೇಲೆ ಮೈಕು ಮುಟ್ಟಿಲ್ಲ.

ಈಗ ದುಡ್ಡು. ಮೊದಲು ಮೇಳಕ್ಕೆ ಇಷ್ಟು ಅಂತ ಯಜಮಾನರ ಕೈಗೆ ಕೊಡುತ್ತಿದ್ದೆವು, ತಾಳ ಹಾಕುವವನಿಗೆ ಇನ್ನೂರು ಸಿಕ್ಕರೆ ಪುಣ್ಯ. ಈಗ ತಲೆಗೆ ₹1,000, ಹೆಸರು ಮಾಡಿದವರಿಗೂ ಅಷ್ಟೇ, ಹೊಸಬರಿಗೂ ಅಷ್ಟೇ, ಆವತ್ತೇ. ಇದಕ್ಕೆ ಒಂದೆರಡು ದೊಡ್ಡ ಮೇಳ ಬಿಟ್ಟು ಹೋದವು. ಹೋಗಲಿ. ತಿಂಗಳಿಗೆ ಇಪ್ಪತ್ನಾಲ್ಕರ ಸುಮಾರು ಜನ, ₹24,000. ಊಟಕ್ಕೆ ನಾಲ್ಕು ಸಾವಿರ, ವಾದ್ಯ ತರುವ ಟೆಂಪೊಗೆ ಎರಡೂವರೆ, ಮೂರು. ಒಟ್ಟು ಮೂವತ್ತೊಂದು ಸಾವಿರದ ಹತ್ತಿರ. ಬರುವುದು: ಜೋಳಿಗೆ ತಿರುಗಿಸಿದರೆ ಆರು ಸಾವಿರ, ತಿಂಗಳಿಗೆ ₹200 ಕೊಡುವ ಅರವತ್ತು ಮನೆಗಳಿಂದ ಹನ್ನೆರಡು, ನಮ್ಮ ಮೈಕ್ ಸೆಟ್ ಮದುವೆ ಮುಂಜಿಗೆ ಬಾಡಿಗೆ ಕೊಟ್ಟು ಎಂಟು. ಸೆಟ್ಟನ್ನು ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ₹85,000ಕ್ಕೆ ತಂದಿದ್ದು, ಎರಡು ವರ್ಷದೊಳಗೆ ಅಸಲು ಬಂತು. ಶಾಲು, ಹಾರ, ಸ್ಮರಣಿಕೆ ಪೂರ್ತಿ ನಿಲ್ಲಿಸಿದೆವು. ವರ್ಷದ ಉತ್ಸವದಲ್ಲಿ ಅದಕ್ಕೇ ಹದಿನಾಲ್ಕು ಸಾವಿರ ಹೋಗುತ್ತಿತ್ತು. ಒಂದು ಕಡೆಯಿಂದ ಬರಬೇಕಿದ್ದ ಅನುದಾನ ಇನ್ನೂ ಬರುತ್ತಲೇ ಇದೆ. ವರ್ಷಕ್ಕೆ ಐವತ್ತು, ಅರವತ್ತು ಸಾವಿರ ಕೊರತೆ. ಸುಗ್ಗಿಯಲ್ಲಿ ಜೋಳ, ಕಡಲೆ ಕೊಡುವವರಿಂದ ಅರ್ಧ ತುಂಬುತ್ತೆ. ಉಳಿದರ್ಧದ ವಿಷಯ ನಮ್ಮ ಮನೆಯವರಿಗೆ ಗೊತ್ತಿಲ್ಲ. ಆ ಅರವತ್ತು ಮನೆಗಳನ್ನು ಹಿಡಿದದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ದುಡ್ಡು ಕೊಡುವುದರಲ್ಲೂ ತೊಡಕಿದೆ. ಜೋಗತಿಯರಲ್ಲಿ ಕೆಲವರ ಆಧಾರ್‌ನಲ್ಲಿ ಹಳೇ ಗಂಡು ಹೆಸರು, ಎಲ್ಲರೂ ಕರೆಯೋದು ಬೇರೆ, ಬ್ಯಾಂಕ್ ಖಾತೆ ಕೆಲವರಿಗೆ ಇಲ್ಲವೇ ಇಲ್ಲ. ಆಡಿಟರ್ ತಕರಾರು ತೆಗೆದರು. ವೋಚರ್‌ನಲ್ಲಿ ಎರಡು ಹೆಸರಿಗೂ ಜಾಗ ಮಾಡಿ, ನಗದು ಕೊಟ್ಟು, ಪಕ್ಕದಲ್ಲಿ ಮೇಳದ ಇನ್ನೊಬ್ಬರ ಸಾಕ್ಷಿ ಸಹಿ ಹಾಕಿಸುತ್ತೇವೆ. ಕರೆಯುವಾಗ ಮಾತ್ರ ಅವರು ಹೇಳಿದ ಹೆಸರೇ.

ಊಟದ ಪಂಕ್ತಿ ಎಲ್ಲಕ್ಕಿಂತ ಕಷ್ಟ. ಅಡುಗೆ ಸರದಿ ಮೇಲೆ, ಎಲ್ಲ ಓಣಿಯವರಿಗೂ ಬರುತ್ತೆ. ಶುರುವಲ್ಲಿ ಹಾಡು ಮುಗಿದ ಮೇಲೆ ಊಟ ಇಟ್ಟಿದ್ದೆವು. ಮಂಗಳ ಹಾಡುವಾಗಲೇ ಕೆಲವರಿಗೆ ಮನೆಯ ಕೆಲಸ ನೆನಪಾಗುತ್ತಿತ್ತು. ಊಟವನ್ನು ನಡುವೆ, ಐದಕ್ಕೆ ತಂದೆ. ಊಟ ತಪ್ಪಿಸಿಕೊಳ್ಳುವವರು ಒಳ್ಳೆಯ ಹಾಡೂ ತಪ್ಪಿಸಿಕೊಳ್ಳಬೇಕು, ಇಲ್ಲಾ ಚಹಾ ಅಂಗಡಿ ಮುಂದೆ ಎಲ್ಲರಿಗೂ ಕಾಣುವ ಹಾಗೆ ಮುಕ್ಕಾಲು ತಾಸು ನಿಂತಿರಬೇಕು. ಮೊದಲು ಇಪ್ಪತ್ತು ಜನ ನಿಲ್ಲುತ್ತಿದ್ದರು, ಈಗ ನಾಲ್ಕೈದು. ಅವರೂ ರೊಟ್ಟಿಯ ವಾಸನೆಗೆ ಸೋಲುತ್ತಾರೆ, ನೋಡ್ತಾ ಇರಿ.

ಬೀಸುವ ಪದದ ಅಜ್ಜಿಯರಿಗೆ ಮೈಕಿನ ಮುಂದೆ ನಿಲ್ಲಿಸಿದರೆ ದನಿಯೇ ಹೊರಡಲಿಲ್ಲ. ಕಾಲರ್ ಮೈಕು ಹಾಕಿದರೆ ಸೆರಗು ಸರಿಮಾಡೋದರಲ್ಲೇ ಹೊತ್ತು ಹೋಯ್ತು. ಕೊನೆಗೆ ಒಂದು ಬೀಸುಕಲ್ಲು ತಂದಿಟ್ಟು, ಸೇರು ಜೋಳ ಕೊಟ್ಟು, ಮಡಿಚಿದ ಕಂಬಳಿಯ ಮೇಲೆ ಮೈಕು ಮಲಗಿಸಿದೆ. ಇಬ್ಬರು ಎದುರುಬದುರು ಕೂತು ಗೂಟ ಹಿಡಿದರು. ಕಲ್ಲು ತಿರುಗಿದ ಮೇಲೆ ಪದ ತಾನೇ ಬಂತು. ಮುಂದಿನ ತಿಂಗಳ ರೊಟ್ಟಿಗೆ ಹಿಟ್ಟೂ ಆಯ್ತು. ಜೋಗತಿಯರ ಚೌಡಿಕೆ ವಾದ್ಯಕ್ಕೆ ಮೈಕು ಎಲ್ಲಿಡಬೇಕು ಅನ್ನೋದನ್ನು ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಬೇಕಾಯ್ತು. ಅದನ್ನು ಇಲ್ಲಿ ಬರೆಯಲ್ಲ, ಬಂದು ನೋಡಿ.

ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಕಿವಿ ಕೇಳದ ಮಕ್ಕಳ ಶಾಲೆಯಿಂದ ಹದಿನೈದು ಮಕ್ಕಳು ಬಂದರು. ನೆಲದ ಮೇಲೆ ನಾಲ್ಕು ಪ್ಲೈವುಡ್ ಶೀಟು ಹಾಸಿ, ಅದರ ಒಂದು ತುದಿಗೆ ಡೊಳ್ಳು ಇಟ್ಟು, ಮಕ್ಕಳನ್ನು ಬರಿಗಾಲಲ್ಲಿ ಕೂರಿಸಿದೆವು. ಡೊಳ್ಳಿನ ಪೆಟ್ಟು ಅಂಗಾಲಿಗೆ ಬಂತು. ಹಲಗೆಯದು ಬರಲೇ ಇಲ್ಲ, ಅದರ ದನಿ ಸಣ್ಣ. ಪ್ಲೈವುಡ್‌ಗೆ ಹತ್ತು ಸಾವಿರ ಆಯ್ತು ಎಂದು ಖಜಾಂಚಿ ಬೈದರು. ಸನ್ನೆ ಭಾಷೆಯವರು ಹಾಡಿನ ಜೊತೆಜೊತೆಗೆ ಅರ್ಥ ಹೇಳೋಕೆ ಹೋಗಿ ಸುಸ್ತಾದರು. ಕಥೆಯನ್ನು ಮೊದಲೇ ಐದು ನಿಮಿಷದಲ್ಲಿ ಹೇಳಿಬಿಟ್ಟರೆ ಸಲೀಸು ಅಂತ ಎರಡನೇ ಸಲ ತಿಳಿಯಿತು.

ಈಗ ತಿಂಗಳಿಗೆ ಇನ್ನೂರೈವತ್ತರ ಮೇಲೆ ಜನ. ವಿರೋಧಿಸಿದ್ದ ಐವರಲ್ಲಿ ಇಬ್ಬರು ಪಕ್ಕದ ತಾಲ್ಲೂಕಿಗೆ ಹೋಗಿ ವೀಳ್ಯದ ಉಪಾಯವನ್ನು ತಮ್ಮದೇ ಅಂತ ಹೇಳಿ ಬಂದಿದ್ದಾರೆ. ಸದ್ಯದ ವೀಳ್ಯ ಕರಾವಳಿಯ ಕೊರಗರ ಡೋಲಿನವರ ಮನೆ ತಲುಪಿದೆ. ಕೊರಗರನ್ನು ಅಜಲಿಗೆ, ಅಂದರೆ ಕೀಳಾಗಿ ಕಂಡು ಡೋಲು ಬಡಿಸುವಂಥ ಚಾಕರಿಗೆ, ಹಚ್ಚುವುದನ್ನು ಸರ್ಕಾರ 2000ದಲ್ಲೇ ಕಾನೂನು ಮಾಡಿ ನಿಷೇಧಿಸಿದೆ. ಆದರೂ ಅವರು ಕೇಳಿದ ಮೊದಲ ಪ್ರಶ್ನೆ, "ಡೋಲು ಬಡಿಯಲಿಕ್ಕೆ ಮಾತ್ರವಾ, ಕೂತು ಹಾಡ್ಲಿಕ್ಕೂ ಉಂಟಾ?" ಎರಡಕ್ಕೂ ಎಂದಿದ್ದೇವೆ. ಘಟ್ಟ ಹತ್ತಿ ಬರೋಕೆ ವ್ಯಾನಿಗೆ ಹದಿನಾಲ್ಕು ಸಾವಿರ ಕೇಳುತ್ತಿದ್ದಾರೆ, ರಾತ್ರಿ ಉಳಿಯೋಕೆ ಮನೆಗಳು ಬೇಕು. ಚಹಾ ಅಂಗಡಿ ಮುಂದೆ ನಿಲ್ಲುವ ಆ ನಾಲ್ಕೈದು ಜನರಲ್ಲಿ ಒಬ್ಬರು ತಮ್ಮ ಪಡಸಾಲೆ ಕೊಡುತ್ತೇನೆ ಎಂದಿದ್ದಾರೆ. ವ್ಯಾನಿನ ದುಡ್ಡಿಗೆ ಮೈಕ್ ಸೆಟ್ಟಿಗೆ ಎರಡು ಮದುವೆ ಸಿಗಬೇಕು.