ಕಂಟೇನರ್ ಗೋಡೆಗಳನ್ನು ಕೈಯಾರೆ ಕಟ್ಟಿ ನೋಡಿ

ಒಂದು ಪ್ರೋಗ್ರಾಂ ಅನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವುದಕ್ಕೆ ಕಂಟೇನರ್ ಅಂತಾರೆ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಕಂಟೇನರ್ ಅನ್ನೋ ವಸ್ತುವೇ ಇಲ್ಲ. ಇರುವುದು ಮಾಮೂಲಿ ಪ್ರೊಸೆಸ್‌ಗಳು (ಓಡುತ್ತಿರುವ ಪ್ರೋಗ್ರಾಂಗಳು) ಮಾತ್ರ. ಕಂಪ್ಯೂಟರ್‌ನ ಒಂದಿಷ್ಟು ಭಾಗ ಆ ಪ್ರೊಸೆಸ್‌ನ ಕಣ್ಣಿಗೆ ಬೀಳದಂತೆ ಕರ್ನಲ್ ಗೋಡೆ ಎಬ್ಬಿಸಿರುತ್ತದೆ. ಈ ಗೋಡೆಗಳೇ ನೇಮ್‌ಸ್ಪೇಸ್‌ಗಳು. ಒಟ್ಟು 8 ಬಗೆ: ಮೌಂಟ್ (ಜೋಡಿಸಿದ ಫೈಲ್ ವ್ಯವಸ್ಥೆಗಳು), ಯುಟಿಎಸ್ (ಕಂಪ್ಯೂಟರ್‌ನ ಹೆಸರು), ಐಪಿಸಿ (ಪ್ರೊಸೆಸ್‌ಗಳ ನಡುವಿನ ಸಂವಹನ), ಪಿಐಡಿ (ಪ್ರೊಸೆಸ್ ನಂಬರ್), ನೆಟ್‌ವರ್ಕ್, ಯೂಸರ್, ಸಿಗ್ರೂಪ್ (ಮೆಮೊರಿಯಂಥವುಗಳಿಗೆ ಮಿತಿ ಹಾಕುವ ಗುಂಪುಗಳು) ಮತ್ತು ಟೈಮ್. ಮೊದಲಿಗೆ ಮೌಂಟ್ ಬಂದಿದ್ದು 2002ರಲ್ಲಿ, ಕೊನೆಗೆ ಟೈಮ್ ಬಂದಿದ್ದು 2020ರಲ್ಲಿ. ಒಂದೊಂದನ್ನೂ ಬೇಕಾದರೆ ಹಾಕಬಹುದು, ಬೇಡವಾದರೆ ಬಿಡಬಹುದು. ‘ಕಂಟೇನರ್‌ನಲ್ಲಿದೆ ಬಿಡಿ, ಸೇಫ್’ ಅನ್ನೋ ಮುಂಚೆ ಯಾವ ಗೋಡೆ ಇದೆ, ಯಾವುದು ಇಲ್ಲ ಅಂತ ಗೊತ್ತಿರಬೇಕು ಅಲ್ವಾ?

ಇದನ್ನು ತಿಳಿಯಲು ಡಾಕರ್ (ಕಂಟೇನರ್ ಓಡಿಸುವ ಜನಪ್ರಿಯ ಟೂಲ್) ಕೂಡ ಬೇಕಿಲ್ಲ. ‘ಅನ್‌ಶೇರ್’ ಎಂಬ ಕಮಾಂಡ್ ಸಾಕು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕೊಡಿ.

1. ಈಗ ಏನಿದೆ ನೋಡಿ

‘ಎಲ್‌ಎಸ್‌ಎನ್‌ಎಸ್’ ಎಂದು ಕೊಡಿ. ಪ್ರತಿ ನೇಮ್‌ಸ್ಪೇಸ್‌ಗೂ ಒಂದು ಉದ್ದನೆಯ ನಂಬರ್ ಕಾಣುತ್ತದೆ. ಕಂಪ್ಯೂಟರ್ ಆನ್ ಆದಾಗ ಹುಟ್ಟುವ ಮೂಲ ಯೂಸರ್ ನೇಮ್‌ಸ್ಪೇಸ್‌ನ ನಂಬರ್ 4026531837. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಯಾವುದೇ ಬಗೆಯಲ್ಲಿ ಎರಡು ಪ್ರೊಸೆಸ್‌ಗಳ ನೇಮ್‌ಸ್ಪೇಸ್ ನಂಬರ್ ಒಂದೇ ಆಗಿದ್ದರೆ ಆ ವಿಷಯದಲ್ಲಿ ಅವುಗಳ ಮಧ್ಯೆ ಗೋಡೆ ಇಲ್ಲ.

ಕರ್ನಲ್ ಅನ್ನು ನೀವೇ ಬಿಲ್ಡ್ ಮಾಡುವವರಾದರೆ, ಮೆನುಕಾನ್ಫಿಗ್‌ನ ‘ಜನರಲ್ ಸೆಟಪ್’ ಒಳಗೆ ‘ನೇಮ್‌ಸ್ಪೇಸಸ್ ಸಪೋರ್ಟ್’ ಹುಡುಕಿ. ಅಲ್ಲಿ ಆಫ್ ಆಗಿರುವ ಬಗೆ ಯಾವ ಟೂಲ್ ಹಾಕಿದರೂ ಸಿಗುವುದಿಲ್ಲ.

2. ಸುಲಭದ್ದರಿಂದ ಶುರು

‘ಸುಡೊ ಅನ್‌ಶೇರ್ --ಯುಟಿಎಸ್ ಬ್ಯಾಶ್’ ಕೊಟ್ಟು, ಒಳಗೆ ಹೋಸ್ಟ್‌ನೇಮ್ (ಕಂಪ್ಯೂಟರ್‌ನ ಹೆಸರು) ಬದಲಿಸಿ. ಸುಡೊ ಅಂದರೆ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಾಗಿ ಓಡಿಸು ಎಂದು; ಬ್ಯಾಶ್ ಅಂದರೆ ಕಮಾಂಡ್ ತೆಗೆದುಕೊಳ್ಳುವ ಶೆಲ್. ಇನ್ನೊಂದು ಟರ್ಮಿನಲ್ ತೆರೆದು ನೋಡಿದರೆ ಅಲ್ಲಿ ಹಳೇ ಹೆಸರೇ ಇರುತ್ತದೆ. ಯುಟಿಎಸ್‌ನ ಕೆಲಸ ಇಷ್ಟೇ.

3. ಪಿಐಡಿ

ಇಲ್ಲಿ ಸ್ವಲ್ಪ ನಿಧಾನಿಸಿ. ಬೇಕೆಂದೇ ‘ಸುಡೊ ಅನ್‌ಶೇರ್ --ಪಿಐಡಿ ಬ್ಯಾಶ್’ ಎಂದಷ್ಟೇ ಕೊಟ್ಟು, ಒಳಗೆ ಒಂದೆರಡು ಸಲ ‘ಎಲ್‌ಎಸ್’ ಓಡಿಸಿ. ಮೆಮೊರಿ ಸಿಗುತ್ತಿಲ್ಲ ಎಂಬ ಎರರ್ ಬರುತ್ತದೆ. ರ‍್ಯಾಮ್ ಖಾಲಿಯಾಗಿಲ್ಲ, ಕಾರಣ ಬೇರೆ. ಪಿಐಡಿ ನೇಮ್‌ಸ್ಪೇಸ್ ಕೇಳಿದ ಪ್ರೊಸೆಸ್ ತಾನು ಅದರೊಳಗೆ ಹೋಗುವುದಿಲ್ಲ, ಅದರ ಮಕ್ಕಳು ಹೋಗುತ್ತವೆ. ಮೊದಲ ಮಗುವಿಗೆ 1ನೇ ನಂಬರ್. ಆ 1 ಸತ್ತ ಕೂಡಲೇ ಕರ್ನಲ್ ಆ ನೇಮ್‌ಸ್ಪೇಸ್‌ನ ಬಾಗಿಲು ಹಾಕುತ್ತದೆ. ಆಮೇಲೆ ಅಲ್ಲಿ ಹೊಸ ಪ್ರೊಸೆಸ್ ಹುಟ್ಟುವುದಿಲ್ಲ.

ಸರಿಯಾದ ಕ್ರಮ: ‘ಸುಡೊ ಅನ್‌ಶೇರ್ --ಪಿಐಡಿ --ಫೋರ್ಕ್ --ಮೌಂಟ್-ಪ್ರಾಕ್ ಬ್ಯಾಶ್’. ಈಗ ಪ್ರೊಸೆಸ್‌ಗಳ ಪಟ್ಟಿ ಕೊಡುವ ‘ಪಿಎಸ್ ಆಕ್ಸ್’ ಓಡಿಸಿದರೆ ಎರಡೇ ಸಾಲು: 1ನೇ ನಂಬರಿನ ಬ್ಯಾಶ್, ಮತ್ತೆ ಪಿಎಸ್. ‘--ಮೌಂಟ್-ಪ್ರಾಕ್’ ಬಿಟ್ಟರೆ ಹೊರಗಿನ ಪ್ರೊಸೆಸ್‌ಗಳೆಲ್ಲ ಮತ್ತೆ ಕಾಣುತ್ತವೆ. ಪಿಎಸ್ ಓದುವುದು ಪ್ರಾಕ್ ಎಂಬ ಫೋಲ್ಡರ್ ಅನ್ನು. ಅದನ್ನು ಹೊಸದಾಗಿ ಮೌಂಟ್ ಮಾಡದಿದ್ದರೆ ಹಳೇ ಪಟ್ಟಿಯೇ ಸಿಗುತ್ತದೆ.

ಡಾಕರ್ ಬಳಸುವವರನ್ನು ಕಾಡುವ ಒಂದು ತೊಂದರೆಯ ಬೇರು ಇಲ್ಲೇ ಇದೆ. ನಂಬರ್ 1 ಪ್ರೊಸೆಸ್‌ಗೆ ಕರ್ನಲ್ ವಿಶೇಷ ರಕ್ಷಣೆ ಕೊಡುತ್ತದೆ. ‘ನಿಲ್ಲು’ ಎಂಬ ಸಿಗ್ನಲ್ ಬಂದರೆ ಏನು ಮಾಡಬೇಕೆಂದು ಪ್ರೋಗ್ರಾಂನಲ್ಲಿ ಬರೆದಿರದಿದ್ದರೆ ಆ ಸಿಗ್ನಲ್ ಸುಮ್ನೆ ವ್ಯರ್ಥ. ಅದಕ್ಕೇ ಎಷ್ಟೋ ಕಂಟೇನರ್‌ಗಳಲ್ಲಿ ‘ಡಾಕರ್ ಸ್ಟಾಪ್’ 10 ಸೆಕೆಂಡ್ ಕಾದು, ಕೊನೆಗೆ ಬಲವಂತವಾಗಿ ಕೊಲ್ಲುತ್ತದೆ. ‘ಡಾಕರ್ ರನ್’ ಜೊತೆ ‘--ಇನಿಟ್’ ಹಾಕಿದರೆ ಬಹಳಷ್ಟು ಸಲ ಇದು ಸರಿಹೋಗುತ್ತದೆ.

4. ನೆಟ್‌ವರ್ಕ್

‘ಸುಡೊ ಅನ್‌ಶೇರ್ --ನೆಟ್ ಬ್ಯಾಶ್’ ಕೊಟ್ಟು ‘ಐಪಿ ಲಿಂಕ್’ ನೋಡಿ. ವೈಫೈ ಇಲ್ಲ, ಕೇಬಲ್ ಇಲ್ಲ. ‘ಎಲ್‌ಒ’ (ಮಷಿನ್ ತನ್ನೊಂದಿಗೇ ಮಾತಾಡುವ ಲೂಪ್‌ಬ್ಯಾಕ್) ಒಂದಿದೆ, ಅದೂ ಆಫ್. 127.0.0.1ಗೂ ಪಿಂಗ್ ಹೋಗದು. ಡಾಕರ್ ಇದಕ್ಕೆ ವೆತ್ ಎಂಬ ಜೋಡಿ ವರ್ಚುವಲ್ ನೆಟ್‌ವರ್ಕ್ ಕಾರ್ಡ್ ಮಾಡಿ, ಒಂದನ್ನು ಒಳಗಿಟ್ಟು, ಇನ್ನೊಂದನ್ನು ಹೊರಗಿನ ಬ್ರಿಡ್ಜ್‌ಗೆ (ವರ್ಚುವಲ್ ಸ್ವಿಚ್) ಸೇರಿಸುತ್ತದೆ. ‘--ನೆಟ್‌ವರ್ಕ್ ಹೋಸ್ಟ್’ ಎಂದು ಕೊಟ್ಟರೆ ಈ ಗೋಡೆಯೇ ಇರುವುದಿಲ್ಲ. ಪೋರ್ಟ್ ತಲೆನೋವು ತಪ್ಪಲಿ ಅಂತ ಅದನ್ನು ಹಾಕುವವರು ಜಾಸ್ತಿ. ಹಾಗೆ ಮಾಡಿದರೆ ಹೋಸ್ಟ್‌ನೊಳಗೆ (ಕಂಟೇನರ್ ಓಡುವ ಮೂಲ ಮಷಿನ್) ಮಾತ್ರ ತೆರೆದಿಟ್ಟ ಡೇಟಾಬೇಸ್ ಕೂಡ ಕಂಟೇನರ್‌ನ ಕೈಗೆ ಸಿಗುತ್ತದೆ.

ಪಟ್ಟಿಯಲ್ಲಿದ್ದ ಇನ್ನೆರಡು ಗೋಡೆಗಳ ಬಗ್ಗೆ ಒಂದು ಮಾತು. ಟೈಮ್ ನೇಮ್‌ಸ್ಪೇಸ್‌ನಿಂದ ದಿನಾಂಕ ಬದಲಾಗುವುದಿಲ್ಲ, ಮಷಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬಂಥ ಲೆಕ್ಕ ಮಾತ್ರ ಬದಲಾಗುತ್ತದೆ. ಸಿಗ್ರೂಪ್ ನೇಮ್‌ಸ್ಪೇಸ್ ಮೆಮೊರಿಗೆ ಮಿತಿ ಹಾಕುವುದಿಲ್ಲ, ಸಿಗ್ರೂಪ್‌ನ ದಾರಿಯನ್ನು ಮರೆಮಾಡುತ್ತದೆ ಅಷ್ಟೇ. ಮಿತಿ ಹಾಕುವುದು ಸಿಗ್ರೂಪ್‌ನದೇ ಕೆಲಸ.

5. ಯೂಸರ್

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸುಡೊ ಇಲ್ಲದೆ ‘ಅನ್‌ಶೇರ್ --ಯೂಸರ್ --ಮ್ಯಾಪ್-ರೂಟ್-ಯೂಸರ್ ಬ್ಯಾಶ್’ ಕೊಡಿ. ‘ಐಡಿ’ ಕೇಳಿದರೆ ನೀವು ರೂಟ್! ಒಂದು ಫೈಲ್ ಮಾಡಿ, ಹೊರಗಿನಿಂದ ನೋಡಿ. ಫೈಲ್ ಇರುವುದು ನಿಮ್ಮ ಮಾಮೂಲಿ ಹೆಸರಲ್ಲಿ. ಪಾಸ್‌ವರ್ಡ್‌ಗಳಿರುವ ಶ್ಯಾಡೋ ಫೈಲ್ ತೆರೆಯಲು ಹೋದರೆ ಅನುಮತಿ ಇಲ್ಲ. ಪ್ರಾಕ್ ಒಳಗೆ ಸೆಲ್ಫ್, ಅದರೊಳಗಿನ ಯುಐಡಿ_ಮ್ಯಾಪ್ ಓದಿದರೆ ‘0 1000 1’ ಎಂಬ ಸಾಲು ಇರುತ್ತದೆ. ಒಳಗಿನ 0 ಅಂದರೆ ಹೊರಗಿನ 1000, ಅಂಥದ್ದು ಒಂದೇ ಒಂದು ಐಡಿ ಎಂದು ಅರ್ಥ. ನಿಮ್ಮ ಐಡಿ ಬೇರೆಯಾಗಿದ್ದರೆ ನಡುವಿನ ನಂಬರ್ ಬೇರೆ ಇರುತ್ತದೆ.

ಉಬುಂಟು 24.04ರಲ್ಲಿ ಈ ಪ್ರಯೋಗ ನೇರವಾಗಿ ನಡೆಯದಿರಬಹುದು. ಅದರ ಭದ್ರತಾ ವ್ಯವಸ್ಥೆಯಾದ ಆಪ್‌ಆರ್ಮರ್ ತಡೆಯುತ್ತದೆ. ಅದಕ್ಕೂ ಕಾರಣವಿದೆ. ಈ ನೇಮ್‌ಸ್ಪೇಸ್ ಒಳಗೆ ಸಾಮಾನ್ಯ ಬಳಕೆದಾರನಿಗೂ ಮೊದಲು ರೂಟ್ ಮಾತ್ರ ಮುಟ್ಟಬಹುದಾಗಿದ್ದ ಕರ್ನಲ್ ಕೋಡ್ ಕೈಗೆಟುಕುತ್ತದೆ. 2022ರಲ್ಲಿ ಬಯಲಾದ ಸಿವಿಇ-2022-0185 ಎಂಬ ದೋಷವನ್ನು ಬಳಸಿ ನಿಜವಾದ ರೂಟ್ ಆಗಲು ಸಾಧ್ಯವಾಗಿದ್ದು ಇದೇ ದಾರಿಯಲ್ಲಿ. ಎಲ್ಲ ಗೋಡೆಗಳ ಕೆಳಗೂ ಇರುವುದು ಒಂದೇ ಕರ್ನಲ್.

6. ನಿಮ್ಮ ಕಂಟೇನರ್ ಪರೀಕ್ಷಿಸಿ

‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟು ಕಂಟೇನರ್‌ನ ಪಿಐಡಿ ಹುಡುಕಿ. ಆಮೇಲೆ ‘ಸುಡೊ ಎಲ್‌ಎಸ್‌ಎನ್‌ಎಸ್ -ಪಿ’ ಜೊತೆ ಆ ನಂಬರ್ ಕೊಡಿ. ಯೂಸರ್ ಸಾಲಿನಲ್ಲಿ 4026531837 ಇದೆಯಾ? ಹಾಗಾದರೆ ಯೂಸರ್ ಗೋಡೆ ಇಲ್ಲ. ಡಾಕರ್‌ನ ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಇರುವುದು ಹೀಗೆಯೇ. ಅಧಿಕಾರಗಳಿಗೆ ಕತ್ತರಿ ಬಿದ್ದಿದ್ದರೂ ಒಳಗಿನ ರೂಟ್‌ನ ನಂಬರ್ ಹೊರಗೂ 0. ಹೋಸ್ಟ್‌ನ ಫೋಲ್ಡರ್ ಒಂದನ್ನು ‘-ವಿ’ ಹಾಕಿ ಒಳಗೆ ಕೊಟ್ಟಿದ್ದರೆ ಅಲ್ಲಿ ಅದು ರೂಟ್ ಆಗಿಯೇ ಬರೆಯುತ್ತದೆ.

ಇದನ್ನು ಬದಲಿಸಲು ಡಾಕರ್‌ನ ಸೆಟ್ಟಿಂಗ್‌ಗಳಿರುವ ಡೀಮನ್ ಜೇಸನ್ ಫೈಲ್‌ನಲ್ಲಿ ‘ಯೂಸರ್‌ಎನ್‌ಎಸ್-ರೀಮ್ಯಾಪ್’ಗೆ ‘ಡೀಫಾಲ್ಟ್’ ಎಂದು ಬರೆದು ಡಾಕರ್ ರೀಸ್ಟಾರ್ಟ್ ಮಾಡಿ. ಹಳೇ ಇಮೇಜ್‌ಗಳು (ಕಂಟೇನರ್ ಮಾಡಲು ಬಳಸುವ ಅಚ್ಚುಗಳು), ಕಂಟೇನರ್‌ಗಳು ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅವು ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ. ಹೊಸ ಮ್ಯಾಪ್‌ಗೆ ಡಾಕರ್ ಬೇರೆ ಫೋಲ್ಡರ್ ಬಳಸುವುದರಿಂದ ಬೇಕಾದ ಇಮೇಜ್‌ಗಳನ್ನು ಮತ್ತೆ ಪುಲ್ ಮಾಡಬೇಕು, ‘-ವಿ’ ಫೋಲ್ಡರ್‌ಗಳ ಮಾಲೀಕತ್ವವನ್ನೂ ಹೊಸ ಐಡಿಗೆ ತಕ್ಕಂತೆ ಬದಲಿಸಬೇಕು.